ವಿದ್ಯಾರ್ಥಿಗಳ ರೇಡಿಯೊ, ಟ್ರಸ್ಟಿಗಳ ಲೈಸೆನ್ಸ್: ಹ್ಯೂಸ್ಟನ್‌ನ 91.7 ಕೈತಪ್ಪಿದ ಬಗೆ

2011ರ ಏಪ್ರಿಲ್ 28, ಬೆಳಿಗ್ಗೆ 6 ಗಂಟೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 91.7 ಎಫ್‌ಎಂನಲ್ಲಿ ಕೇಳಿಸುತ್ತಿದ್ದ ಕೆಟಿಆರ್‌ಯು ಅಲ್ಲಿಗೆ ನಿಂತುಹೋಯಿತು. ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 40 ವರ್ಷ ಎಫ್‌ಎಂನಲ್ಲಿ ನಡೆಸಿಕೊಂಡು ಬಂದ ಸ್ಟೇಷನ್ ಅದು. ಯಂತ್ರ ಕೆಟ್ಟಿರಲಿಲ್ಲ. ನಡೆಸುವ ಹುಡುಗ ಹುಡುಗಿಯರಿಗೆ ಬೇಸರ ಬಂದಿರಲಿಲ್ಲ. ವಿಶ್ವವಿದ್ಯಾಲಯ ಅದನ್ನು 95 ಲಕ್ಷ ಡಾಲರ್‌ಗೆ ಮಾರಿತ್ತು, ಅಷ್ಟೆ.

ಹಳೆಯ ಕಥೆಯನ್ನು ಈಗ ಯಾಕೆ ತೆಗೆಯಬೇಕು ಅಂದರೆ, ಅದು ಮತ್ತೆ ನಡೆಯುವ ಹವಾಮಾನ ಈಗ ಅಮೆರಿಕದಲ್ಲಿದೆ. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ರೇಡಿಯೊ, ಟೀವಿಗೆ ಕೊಡಬೇಕಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ವಾಪಸ್ ಪಡೆಯಿತು. ಆ ಹಣ ಹಂಚುತ್ತಿದ್ದ ಸಂಸ್ಥೆ ಬಾಗಿಲು ಹಾಕುವುದಾಗಿ ಮುಂದಿನ ತಿಂಗಳೇ ಹೇಳಿತು. ಅಲ್ಲಿನ ಎಷ್ಟೋ ರೇಡಿಯೊ ಲೈಸೆನ್ಸ್‌ಗಳು ವಿಶ್ವವಿದ್ಯಾಲಯಗಳ ಹೆಸರಲ್ಲೇ ಇವೆ. ಬಜೆಟ್ ಬಿಗಿಯಾದಾಗ ಯಾರ ಕಣ್ಣು ಮೊದಲು ಯಾವುದರ ಮೇಲೆ ಬೀಳುತ್ತದೆ ಎಂಬುದು ಗೊತ್ತಿರುವ ವಿಷಯ. ಹಾಗಾಗಿ ರೈಸ್‌ನಲ್ಲಿ ಏನಾಯಿತು ಅಂತ ನೋಡುವುದು ಅಗತ್ಯ. ನಾನು ಈ ಮಾರಾಟವನ್ನು ತಪ್ಪು ಎಂದು ನಂಬಿದವನು. ಅದನ್ನು ಮುಚ್ಚಿಡದೆ, ಯಾಕೆ ತಪ್ಪು ಎಂದು ಹೇಳುತ್ತೇನೆ.

ಸ್ಟೇಷನ್ ಹುಟ್ಟಿದ್ದು 1967ರಲ್ಲಿ, ಹಾಸ್ಟೆಲ್‌ನಂಥ ಒಂದು ವಿದ್ಯಾರ್ಥಿ ನಿಲಯದಲ್ಲಿ. ಕಟ್ಟಡದ ತಂತಿಗಳ ಮೂಲಕ ಅಲ್ಲಲ್ಲೇ ಕೇಳಿಸುವಂಥ ಪುಟ್ಟ ಪ್ರಯೋಗ. 1971ರಲ್ಲಿ ಎಫ್‌ಎಂ ಲೈಸೆನ್ಸ್ ಸಿಕ್ಕಿತು. ಶಕ್ತಿ ಬರೀ 10 ವಾಟ್. ಮನೆಯ ಒಂದು ಎಲ್‌ಇಡಿ ಬಲ್ಬ್‌ನಷ್ಟು! ಆಗಿನ ಕಾಲಕ್ಕೆ ಇದು ಮಾಮೂಲಿ. ಕಾಲೇಜುಗಳು ಸುಲಭವಾಗಿ ರೇಡಿಯೊ ಶುರು ಮಾಡಲಿ ಅಂತಲೇ ಅಮೆರಿಕದಲ್ಲಿ 1948ರಿಂದ 10 ವಾಟ್‌ನ ಲೈಸೆನ್ಸ್ ಕೊಡುತ್ತಿದ್ದರು. ಎಫ್‌ಎಂ ಪಟ್ಟಿಯಲ್ಲಿ 88ರಿಂದ 92ರವರೆಗಿನ ಜಾಗವನ್ನು ಅದಕ್ಕೂ ಮೊದಲೇ, 1945ರಲ್ಲಿ, ಲಾಭಕ್ಕಲ್ಲದ ಶೈಕ್ಷಣಿಕ ಪ್ರಸಾರಕ್ಕೆ ಎಂದು ಮೀಸಲಿಟ್ಟಿದ್ದರು. ಈ ಮೀಸಲು ಜಾಗದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1991ರಲ್ಲಿ ಕೆಟಿಆರ್‌ಯು ಶಕ್ತಿ 50,000 ವಾಟ್‌ಗೆ ಏರಿತು. ಈಗ ಅದು ಅಮೆರಿಕದ ನಾಲ್ಕನೇ ದೊಡ್ಡ ನಗರದ ಉದ್ದಗಲಕ್ಕೂ ತಲುಪುವ ಸ್ಟೇಷನ್. ಆದರೆ ಒಳಗಿನ ಗುಣ ಬದಲಾಗಲಿಲ್ಲ. ಬೇರೆಲ್ಲೂ ಹಾಕದ ಹಾಡು ಹಾಕುವುದೇ ಅವರ ಹಟ. ಊರಿನ ಬ್ಯಾಂಡ್‌ಗಳನ್ನು ಸ್ಟುಡಿಯೋಗೆ ಕರೆದು ನೇರವಾಗಿ ನುಡಿಸುತ್ತಿದ್ದರು. ಆಫ್ರಿಕಾದ ಸಂಗೀತಕ್ಕೆ ಒಂದು ಹೊತ್ತು, ಮಕ್ಕಳಿಗೊಂದು ಹೊತ್ತು. 'ನವರಂಗ್' ಎಂಬ ಹೆಸರಿನಲ್ಲಿ ನಮ್ಮ ಕಡೆಯ ಸಂಗೀತಕ್ಕೂ ಒಂದು ಕಾರ್ಯಕ್ರಮ ಇತ್ತು. ಹ್ಯೂಸ್ಟನ್‌ನಲ್ಲಿ ಭಾರತೀಯರು ಸಾಕಷ್ಟು ಇದ್ದಾರೆ. ಎಣ್ಣೆ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ, ನಾಸಾದಲ್ಲಿ ಕೆಲಸ ಮಾಡುವ ಕನ್ನಡಿಗರೂ ಇದ್ದಾರೆ. ಕಾರಿನಲ್ಲಿ ಹೋಗುತ್ತಾ ಸುಮ್ನೆ ಬಟನ್ ಒತ್ತಿದಾಗ ನಮ್ಮ ಸ್ವರ ಕೇಳಿಸುವ ಸುಖ, ಪರಊರಲ್ಲಿ ಇದ್ದವರಿಗೇ ಗೊತ್ತು.

ಮಾರಾಟದ ಸುದ್ದಿ ಹೊರಬಿದ್ದದ್ದು 2010ರ ಆಗಸ್ಟ್ ಮಧ್ಯದಲ್ಲಿ. ಅದೂ ಪತ್ರಿಕೆಯಲ್ಲಿ. ಬೇಸಿಗೆ ರಜೆ, ಕ್ಯಾಂಪಸ್ ಖಾಲಿ. ಸುದ್ದಿ ಬಂದ ಬೆನ್ನಿಗೇ ಆಗಸ್ಟ್ 17ರಂದು ಹ್ಯೂಸ್ಟನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಖರೀದಿಗೆ ಒಪ್ಪಿಗೆ ಕೊಟ್ಟಿತು. ಹೌದು, ಕೊಂಡದ್ದು ಇನ್ನೊಂದು ವಿಶ್ವವಿದ್ಯಾಲಯವೇ. ಅದರ ಕೈಯಲ್ಲಿ ಆಗಲೇ 88.7ರಲ್ಲಿ ಒಂದು ಸಾರ್ವಜನಿಕ ರೇಡಿಯೊ ಇತ್ತು. ಅಲ್ಲಿ ಸುದ್ದಿ, ಶಾಸ್ತ್ರೀಯ ಸಂಗೀತ ಎರಡೂ ಬರುತ್ತಿದ್ದವು. 91.7 ಸಿಕ್ಕರೆ 88.7ರಲ್ಲಿ ಪೂರ್ತಿ ಸುದ್ದಿ, 91.7ರಲ್ಲಿ ಪೂರ್ತಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೊಡಬಹುದು ಎಂಬ ಲೆಕ್ಕ.

ನಾಲ್ಕು ದಶಕ ದುಡಿದವರು ಪೇಪರ್ ಓದಿ ತಮ್ಮ ಸ್ಟೇಷನ್ ಮಾರಾಟವಾಗುವುದನ್ನು ತಿಳಿಯಬೇಕಾಯಿತು. ನನಗೆ ಇಡೀ ಪ್ರಕರಣದಲ್ಲಿ ಜಾಸ್ತಿ ನೋವು ಕೊಡುವುದು ಇದೇ. ಬೆಲೆಯ ಬಗ್ಗೆ ವಾದ ಮಾಡಬಹುದು, ಅಗತ್ಯದ ಬಗ್ಗೆ ವಾದ ಮಾಡಬಹುದು. ಆದರೆ ಮನೆಯವರನ್ನು ಕೇಳದೆ ಮನೆಯ ವಸ್ತುವನ್ನು ಮಾರಿದರೆ, ಆಮೇಲೆ ಕೊಡುವ ಯಾವ ಕಾರಣವೂ ಮನಸ್ಸಿಗೆ ಇಳಿಯುವುದಿಲ್ಲ.

ಇಲ್ಲಿ ಮಾರಿದ್ದು ಏನನ್ನು ಅಂತ ಸ್ವಲ್ಪ ಬಿಡಿಸಿ ನೋಡಬೇಕು. ಸ್ಟುಡಿಯೋ ಕೋಣೆ, ಮೈಕು, ಸಾವಿರಾರು ರೆಕಾರ್ಡ್‌ಗಳು ಇವಕ್ಕೆಲ್ಲ 95 ಲಕ್ಷ ಡಾಲರ್ ಯಾರೂ ಕೊಡುವುದಿಲ್ಲ. ಟ್ರಾನ್ಸ್‌ಮಿಟರ್, ಟವರ್‌ಗೆ ಒಂದಿಷ್ಟು ಬೆಲೆ ಇರಬಹುದು. ಉಳಿದದ್ದೆಲ್ಲ ಲೈಸೆನ್ಸ್‌ನ ಬೆಲೆ. ಅಂದರೆ 91.7 ಎಂಬ ತರಂಗಾಂತರದಲ್ಲಿ ಆ ಊರಲ್ಲಿ ಪ್ರಸಾರ ಮಾಡುವ ಹಕ್ಕು. ದೊಡ್ಡ ನಗರಗಳಲ್ಲಿ ಎಫ್‌ಎಂ ಜಾಗ ಎಂದೋ ತುಂಬಿಹೋಗಿದೆ. ಹೊಸದಾಗಿ ಬೇಕು ಅಂದರೆ ಸಿಗುವುದಿಲ್ಲ. ಇದ್ದವರಿಂದ ಕೊಳ್ಳಬೇಕು. 10 ವಾಟ್‌ನ ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ಜಾಗ, ಊರು ಬೆಳೆದ ಮೇಲೆ ಮೇನ್ ರೋಡ್ ಪಕ್ಕದ ಸೈಟಿನಂತಾಯಿತು.

ಆದರೆ ಈ ಸೈಟನ್ನು ರೈಸ್ ವಿಶ್ವವಿದ್ಯಾಲಯ ಕಾಸು ಕೊಟ್ಟು ಕೊಂಡಿರಲಿಲ್ಲ. ತರಂಗಾಂತರ ಜನರ ಸ್ವತ್ತು. ಸರ್ಕಾರ ಅದನ್ನು ಬಳಸಲು ಕಾಲಮಿತಿಯ ಅನುಮತಿ ಕೊಡುತ್ತದೆ, ಅಮೆರಿಕದಲ್ಲಿ 8 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿದ್ಯಾರ್ಥಿಗಳು ರಾತ್ರಿ ಎರಡು ಗಂಟೆಗೂ ಎದ್ದು ಕೂತು ಸ್ಟೇಷನ್ ನಡೆಸಿದ್ದರಿಂದ ಆ ಅನುಮತಿ 40 ವರ್ಷ ಉಳಿಯಿತು. ಸತತ ಒಂದು ವರ್ಷ ಪ್ರಸಾರ ನಿಂತರೆ ಲೈಸೆನ್ಸ್ ಹೋಗುತ್ತದೆ ಎಂಬುದು ಅಲ್ಲಿನ ಕಾನೂನು. ಅಂದರೆ ಮಾರಾಟಕ್ಕೆ ಒಂದು ವಸ್ತು ಉಳಿದಿದ್ದೇ ವಿದ್ಯಾರ್ಥಿಗಳ ಸಂಬಳವಿಲ್ಲದ ದುಡಿಮೆಯಿಂದ. ಈ ಸರಳ ಸಂಗತಿಯನ್ನು ಆಡಳಿತದ ಲೆಕ್ಕಪುಸ್ತಕ ಕಾಣಲಿಲ್ಲ.

ಕಾನೂನು ಏನು ಹೇಳುತ್ತದೆ? ಇಲ್ಲಿ ವಿರೋಧಿಸುವವರ ಕಷ್ಟ ಶುರುವಾಗುತ್ತದೆ. ಲೈಸೆನ್ಸ್ ಇರುವುದು ವಿಶ್ವವಿದ್ಯಾಲಯದ ಟ್ರಸ್ಟಿಗಳ ಹೆಸರಲ್ಲಿ. ವಿದ್ಯಾರ್ಥಿಗಳು, ಕೇಳುಗರು, ಹಳೆ ವಿದ್ಯಾರ್ಥಿಗಳು ಇವರ್ಯಾರೂ ಕಾಗದದಲ್ಲಿ ಇಲ್ಲ. ಲೈಸೆನ್ಸ್ ಕೈ ಬದಲಾಗಬೇಕಾದರೆ ಪ್ರಸಾರದ ಮೇಲೆ ನಿಗಾ ಇಡುವ ಎಫ್‌ಸಿಸಿ ಎಂಬ ಕೇಂದ್ರ ಸಂಸ್ಥೆ ಒಪ್ಪಬೇಕು. ಅರ್ಜಿ ಬಂದ ಮೇಲೆ ಆಕ್ಷೇಪ ಸಲ್ಲಿಸಲು 30 ದಿನ ಇರುತ್ತದೆ. ಕೆಟಿಆರ್‌ಯು ಗೆಳೆಯರ ಬಳಗ ವಕೀಲರನ್ನು ಹಿಡಿದು ಆಕ್ಷೇಪ ಸಲ್ಲಿಸಿತು. ಊರಿಗೆ ಬೇರೆಲ್ಲೂ ಸಿಗದ ಪ್ರಸಾರ ಇದು, ಇದು ಹೋದರೆ ಊರಿಗೆ ನಷ್ಟ ಎಂದು ವಾದಿಸಿತು.

ಈ ವಾದ ನಮಗೆ ನಿಮಗೆ ಸರಿ ಅನ್ನಿಸುತ್ತದೆ, ಅಲ್ವಾ? ಎಫ್‌ಸಿಸಿ ಮುಂದೆ ಅದು ನಿಲ್ಲುವುದಿಲ್ಲ. ಯಾವ ಸ್ಟೇಷನ್ ಯಾವ ಬಗೆಯ ಕಾರ್ಯಕ್ರಮ ಹಾಕಬೇಕು ಎಂಬುದರಲ್ಲಿ ತಾನು ಕೈ ಹಾಕುವುದಿಲ್ಲ, ಅದನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ ಎಂಬುದು ಆ ಸಂಸ್ಥೆಯ ಹಳೆಯ ನಿಲುವು. ನ್ಯೂಯಾರ್ಕ್‌ನ ಒಂದು ಸ್ಟೇಷನ್‌ನ ಕೇಳುಗರು ಇದರ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದರು. 1981ರಲ್ಲಿ ಕೋರ್ಟ್ ಎಫ್‌ಸಿಸಿ ಪರವಾಗಿ ತೀರ್ಪು ಕೊಟ್ಟಿತು. ಇನ್ನೂ ಒಂದು ಕಟ್ಟು ಇದೆ. ಮಾರುವವರು ಆರಿಸಿದ ಖರೀದಿದಾರರಿಗಿಂತ ಬೇರೊಬ್ಬರು ಉತ್ತಮರು ಎಂದು ಹೋಲಿಸಿ ನೋಡುವುದನ್ನೇ ಅಲ್ಲಿನ ಸಂಪರ್ಕ ಕಾಯ್ದೆ ನಿಷೇಧಿಸಿದೆ. ಹೀಗಾಗಿ ವಿದ್ಯಾರ್ಥಿಗಳೇ ದುಡ್ಡು ಕೂಡಿಸಿ ನಾವೇ ಕೊಳ್ಳುತ್ತೇವೆ ಅಂದರೂ ಎಫ್‌ಸಿಸಿ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕೊಳ್ಳುವವರಿಗೆ ಅರ್ಹತೆ ಇದೆಯೇ, ಕಾಗದ ಪತ್ರ ಸರಿಯಿದೆಯೇ ಎಂಬಲ್ಲಿಗೆ ಪ್ರಶ್ನೆ ಮುಗಿಯುತ್ತದೆ. 2011ರ ಏಪ್ರಿಲ್ ಮಧ್ಯದಲ್ಲಿ ಒಪ್ಪಿಗೆ ಬಂತು. ಎರಡು ವಾರದೊಳಗೆ ಸ್ಟೇಷನ್ ನಿಂತಿತು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೋರಾಟಗಾರರು ಇದಕ್ಕಿಂತ ಸ್ವಲ್ಪ ಮುಂದೆ ಹೋದರು. ಅಲ್ಲಿನ ವಿಶ್ವವಿದ್ಯಾಲಯವೊಂದು ತನ್ನ ಕೆಯುಎಸ್‌ಎಫ್ ಸ್ಟೇಷನ್ನನ್ನು 37.5 ಲಕ್ಷ ಡಾಲರ್‌ಗೆ ಮಾರಲು ಒಪ್ಪಂದ ಮಾಡಿಕೊಂಡು, 2011ರ ಜನವರಿ 18ರಂದು ಹಗಲು ಹೊತ್ತಿನಲ್ಲೇ ಪ್ರಸಾರ ನಿಲ್ಲಿಸಿತು. ನಡೆಸುವವರಿಗೆ ಮುನ್ಸೂಚನೆ ಇರಲಿಲ್ಲ. ಚೀನೀ ಭಾಷೆಯೂ ಸೇರಿ ಹಲವು ವಲಸೆ ಸಮುದಾಯಗಳ ಭಾಷೆಯಲ್ಲಿ ಕಾರ್ಯಕ್ರಮ ಬರುತ್ತಿದ್ದ ಸ್ಟೇಷನ್ ಅದು. ಎಫ್‌ಸಿಸಿ ಒಪ್ಪಿಗೆ ಬರುವ ಮೊದಲೇ ಒಂದು ಕರಾರಿನ ಮೂಲಕ ಖರೀದಿದಾರರು ಪ್ರಸಾರ ಶುರು ಮಾಡಿದ್ದರು. ಹೋರಾಟಗಾರರು ಹಿಡಿದದ್ದು ಈ ಎಳೆಯನ್ನು. ಕಾರ್ಯಕ್ರಮದ ಗುಣದ ಬಗ್ಗೆ ಮಾತಾಡುವುದಕ್ಕಿಂತ ಕರಾರಿನ ದೋಷಗಳನ್ನು ಒತ್ತಿ ಹೇಳಿದರು. ಎಫ್‌ಸಿಸಿ ವಿಚಾರಣೆ ನಡೆಸಿತು. ಪ್ರಕರಣ 2012ರ ಜೂನ್‌ವರೆಗೆ ಎಳೆಯಿತು. ಕೊನೆಗೆ 50,000 ಡಾಲರ್ ಕಟ್ಟಿಸಿಕೊಂಡು ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಸೋಲು ಸೋಲೇ. ಆದರೆ ಎಲ್ಲಿ ಒತ್ತಿದರೆ ಎಫ್‌ಸಿಸಿ ಕಿವಿಗೊಡುತ್ತದೆ ಎಂಬುದು ಅದರಿಂದ ತಿಳಿಯಿತು.

ಈಗ ಮಾರಾಟದ ಪರ ವಾದಗಳಿಗೆ ಬರೋಣ. ಅವುಗಳನ್ನು ತಳ್ಳಿಹಾಕುವ ಮುನ್ನ ಗೌರವದಿಂದ ಕೇಳಬೇಕು.

ರೈಸ್‌ನ ಆಗಿನ ಅಧ್ಯಕ್ಷ ಡೇವಿಡ್ ಲೀಬ್ರಾನ್ ಮುಖ್ಯವಾಗಿ ಎರಡು ಮಾತು ಹೇಳಿದರು. ಒಂದು, ಕೇಳುಗರ ಸಂಖ್ಯೆ ತೀರಾ ಕಡಿಮೆ, ಇಷ್ಟು ಬೆಲೆಬಾಳುವ ಸ್ವತ್ತು ಸರಿಯಾಗಿ ಬಳಕೆಯಾಗುತ್ತಿಲ್ಲ. ಎರಡು, ಇಂಟರ್ನೆಟ್‌ನಲ್ಲಿ ಪ್ರಸಾರ ಮುಂದುವರಿಯುತ್ತದೆ, ಆದ್ದರಿಂದ ವಿದ್ಯಾರ್ಥಿಗಳು ಏನನ್ನೂ ಕಳೆದುಕೊಳ್ಳುವುದಿಲ್ಲ. ಬಂದ ಹಣದಲ್ಲಿ ಹೊಸ ಮೆಸ್ ಕಟ್ಟಡ ಸೇರಿದಂತೆ ವಿದ್ಯಾರ್ಥಿಗಳಿಗೇ ಉಪಯೋಗವಾಗುವ ಕೆಲಸ ಮಾಡುತ್ತೇವೆ ಎಂದೂ ಆಡಳಿತ ತಿಳಿಸಿತು.

ಕೇಳುಗರ ಎಣಿಕೆಯ ಮಾತು ಮೇಲ್ನೋಟಕ್ಕೆ ಗಟ್ಟಿ. ಅಲ್ಲಿ ರೇಡಿಯೊ ಎಣಿಕೆ ಜಾಹೀರಾತುದಾರರಿಗಾಗಿ ಹುಟ್ಟಿದ್ದು. ಒಂದೇ ಬಗೆಯ ಹಾಡನ್ನು ದಿನವಿಡೀ ಹಾಕಿ ಜನರನ್ನು ಹಿಡಿದಿಡುವ ಸ್ಟೇಷನ್‌ಗಳಿಗೆ ಅದರಲ್ಲಿ ಒಳ್ಳೆ ಅಂಕ ಬೀಳುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ತಮ್ಮ ಕಾರ್ಯಕ್ರಮ ಕೇಳಿ ಹೋಗುವವರಿಗೆ ಆ ಎಣಿಕೆಯಲ್ಲಿ ಜಾಗ ಸಣ್ಣದು. ಮೀಸಲು ಜಾಗದ ಮಾತು ನೆನಪಿದೆಯಲ್ಲ? 1945ರಲ್ಲಿ ಆ ಜಾಗ ಮೀಸಲಿಟ್ಟದ್ದೇ, ಮಾರುಕಟ್ಟೆಯ ಎಣಿಕೆಯಲ್ಲಿ ಗೆಲ್ಲಲಾರದ ಪ್ರಸಾರ ಬದುಕಿರಲಿ ಎಂದು. ಅದೇ ಎಣಿಕೆಯನ್ನು ತಂದು ಅದನ್ನೇ ಅಳೆಯುವುದು ನ್ಯಾಯವಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವರ್ಷಕ್ಕೆ ಇಬ್ಬರು ಮಾತ್ರ ತೆಗೆಯುವ ಪುಸ್ತಕ ಎಷ್ಟಿಲ್ಲ? ಅವನ್ನು ರದ್ದಿಗೆ ಹಾಕಿ ಎಂದು ಯಾವ ಕುಲಪತಿಯೂ ಹೇಳುವುದಿಲ್ಲ.

ಇಂಟರ್ನೆಟ್‌ನ ಮಾತು ಇನ್ನೂ ಗಂಭೀರ, ಯಾಕೆಂದರೆ ಇವತ್ತಿಗೆ ಅದು ಇನ್ನಷ್ಟು ನಿಜದಂತೆ ಕಾಣುತ್ತದೆ. ಎಲ್ಲರ ಕೈಯಲ್ಲೂ ಫೋನ್ ಇದೆ, ಎಫ್‌ಎಂ ಯಾಕೆ ಬೇಕು? ನನ್ನ ಉತ್ತರ ಇದು. ಇಂಟರ್ನೆಟ್ ರೇಡಿಯೊವನ್ನು ಹುಡುಕಿಕೊಂಡು ಹೋಗಬೇಕು. ಹುಡುಕಲು ಅದು ಇದೆ ಅಂತ ಮೊದಲೇ ಗೊತ್ತಿರಬೇಕು. ಎಫ್‌ಎಂ ಹಾಗಲ್ಲ, ಅದು ದಾರಿಯಲ್ಲಿ ಸಿಗುತ್ತದೆ. ಟ್ಯಾಕ್ಸಿ ಓಡಿಸುವವರು, ಹೋಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಶಾಲೆಯಿಂದ ಮಗುವನ್ನು ಕರೆತರುವ ತಾಯಿ, ಯಾರಿಗೂ ಗುರುತು ಪರಿಚಯ ಹೇಳದೆ ಕೇಳಬಹುದು. ಡೇಟಾ ಬೇಡ. ಎಷ್ಟು ಜನ ಕೇಳಿದರೂ ಸ್ಟೇಷನ್‌ಗೆ ಖರ್ಚು ಒಂದೇ. ಇಂಟರ್ನೆಟ್‌ನಲ್ಲಿ ಕೇಳುಗರು ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. ಹ್ಯೂಸ್ಟನ್‌ನಂಥ ಚಂಡಮಾರುತದ ಊರಲ್ಲಿ ಕರೆಂಟು, ನೆಟ್‌ವರ್ಕ್ ಹೋದ ರಾತ್ರಿ ಬ್ಯಾಟರಿ ರೇಡಿಯೊ ಏನು ಮಾಡುತ್ತದೆ ಎಂದು ಅಲ್ಲಿನವರಿಗೆ ಹೇಳಿಕೊಡಬೇಕಿಲ್ಲ.

ಇನ್ನೊಂದು ಮುಖವೂ ಇದೆ. 19 ವರ್ಷದ ಹುಡುಗಿಯೊಬ್ಬಳು ಮೈಕ್ ಮುಂದೆ ಕೂತಾಗ, ಇಡೀ ಊರು ಕೇಳುತ್ತಿರಬಹುದು ಎಂಬ ಅರಿವೇ ಅವಳ ಪಾಠ. ಗಂಟೆಗೊಮ್ಮೆ ಸ್ಟೇಷನ್ ಹೆಸರು ಹೇಳಬೇಕು, ಕೆಟ್ಟ ಮಾತು ಹೊರಗೆ ಹೋಗದಂತೆ ನೋಡಿಕೊಳ್ಳಬೇಕು, ಲಾಗ್ ಬರೆಯಬೇಕು. ತಪ್ಪಿದರೆ ಲೈಸೆನ್ಸ್‌ಗೆ ಕುತ್ತು. ಈ ಹೊಣೆ ವೆಬ್ ಪ್ರಸಾರದಲ್ಲಿ ಇರುವುದಿಲ್ಲ. ಹೊಣೆ ಇಲ್ಲದ ಕಡೆ ಕಲಿಕೆಯೂ ತೆಳು.

ಮೆಸ್ ಕಟ್ಟಡದ ಬಗ್ಗೆ ಒಂದೇ ಮಾತು. ಊಟದ ಮನೆ ಬೇಕು, ಒಪ್ಪುತ್ತೇನೆ. ಆದರೆ ಊಟದ ಮನೆಗೆ ದಾನಿಗಳು ಸಿಗುತ್ತಾರೆ, ಸಾಲ ಸಿಗುತ್ತದೆ, ಇನ್ನೊಂದು ವರ್ಷ ಕಾಯಬಹುದು. ಮಾರಿದ ತರಂಗಾಂತರ ಮರಳಿ ಸಿಗುವುದಿಲ್ಲ.

ಸಿಗುವುದಿಲ್ಲ ಎಂಬುದಕ್ಕೆ 91.7ರ ಮುಂದಿನ ಕಥೆಯೇ ಸಾಕ್ಷಿ. ಹ್ಯೂಸ್ಟನ್ ವಿಶ್ವವಿದ್ಯಾಲಯ ಅಲ್ಲಿ ಶಾಸ್ತ್ರೀಯ ಸಂಗೀತ ಶುರು ಮಾಡಿತು. 2015ರ ಆಗಸ್ಟ್‌ನಲ್ಲಿ, ನಾಲ್ಕೂಕಾಲು ವರ್ಷ ಕಳೆದಿತ್ತಷ್ಟೆ, ಆ ಸ್ಟೇಷನ್ನನ್ನೂ ಮಾರುತ್ತೇವೆ ಎಂದಿತು. ಶಾಸ್ತ್ರೀಯ ಸಂಗೀತ ಬೇರೆಯೇ ಸೆಟ್ ಬೇಕಾಗುವ ಡಿಜಿಟಲ್ ಉಪವಾಹಿನಿಗೆ ಮತ್ತು ಇಂಟರ್ನೆಟ್‌ಗೆ ಹೋಗುತ್ತದೆ, ಕೇಳುಗರು ಅಲ್ಲಿ ಕೇಳಲಿ ಎಂದಿತು. 2010ರಲ್ಲಿ ವಿದ್ಯಾರ್ಥಿಗಳಿಗೆ ಹೇಳಿದ ಸಮಾಧಾನವನ್ನೇ 2015ರಲ್ಲಿ ಶಾಸ್ತ್ರೀಯ ಸಂಗೀತದ ಹಿರಿಯ ಕೇಳುಗರಿಗೂ ಹೇಳಲಾಯಿತು. 2016ರಲ್ಲಿ ಒಂದು ಕ್ರೈಸ್ತ ಸಂಗೀತ ಪ್ರಸಾರ ಸಂಸ್ಥೆ ಅದನ್ನು 1 ಕೋಟಿ ಡಾಲರ್‌ಗೆ ಕೊಂಡಿತು. ಆ ಸಂಸ್ಥೆಯ ಬಗ್ಗೆ ನನ್ನ ತಕರಾರಿಲ್ಲ, ಅವರ ಕೇಳುಗರು ಅವರಿಗಿದ್ದಾರೆ. ಆದರೆ ಊರಿನ ಸಂಸ್ಕೃತಿಗಾಗಿ ಎಂದು ವಿದ್ಯಾರ್ಥಿಗಳ ಕೈಯಿಂದ ತೆಗೆದುಕೊಂಡ ಜಾಗದಲ್ಲಿ ಸುಮಾರು ಐದು ವರ್ಷದಲ್ಲಿ ವಿದ್ಯಾರ್ಥಿಗಳೂ ಇಲ್ಲ, ಶಾಸ್ತ್ರೀಯ ಸಂಗೀತವೂ ಇಲ್ಲ, ಎರಡು ವಿಶ್ವವಿದ್ಯಾಲಯಗಳಲ್ಲಿ ಯಾವುದೂ ಇಲ್ಲ.

ನ್ಯಾಶ್‌ವಿಲ್‌ನಲ್ಲೂ ಇದೇ ಬಗೆಯ ತಿರುವು. ವ್ಯಾಂಡರ್‌ಬಿಲ್ಟ್ ವಿದ್ಯಾರ್ಥಿಗಳ ಡಬ್ಲ್ಯುಆರ್‌ವಿಯು ಸ್ಟೇಷನ್ 91.1ರಲ್ಲಿತ್ತು. 2011ರ ಜೂನ್‌ನಲ್ಲಿ ಊರಿನ ಸಾರ್ವಜನಿಕ ರೇಡಿಯೊ ಅದನ್ನು 33.5 ಲಕ್ಷ ಡಾಲರ್‌ಗೆ ಕೊಳ್ಳುವುದಾಗಿ ಒಪ್ಪಂದವಾಯಿತು. ಅಲ್ಲಿಯೂ ಶಾಸ್ತ್ರೀಯ ಸಂಗೀತ ಬಂತು. 2020ರ ಕೊನೆಯಲ್ಲಿ ಅದೇ ಸಂಸ್ಥೆ 91.1ನ್ನು ಹೊಸ ಸಂಗೀತ, ಊರಿನ ಕಲಾವಿದರ ಸಂಗೀತ ಹಾಕುವ ಸ್ಟೇಷನ್ ಆಗಿ ಬದಲಾಯಿಸಿತು. ವಿದ್ಯಾರ್ಥಿಗಳು ಮಾಡುತ್ತಿದ್ದ ಕೆಲಸಕ್ಕೆ ಬೇಡಿಕೆ ಇತ್ತು ಎಂದಾಯಿತು. ಈಗ ಅದನ್ನು ವೃತ್ತಿಪರರು ಮಾಡುತ್ತಾರೆ.

ಹಾಗಾದರೆ ಇಂಥ ಯೋಜನೆ ಎದುರಾದಾಗ ವಿರೋಧಿಸುವವರು ಎಲ್ಲಿಂದ ಶುರು ಮಾಡಬೇಕು? ಎಫ್‌ಸಿಸಿ ಕೊನೆಯ ಬಾಗಿಲು, ಅದು ಬಹುತೇಕ ಮುಚ್ಚಿಯೇ ಇದೆ. ನಿಜವಾದ ಜಾಗ ಟ್ರಸ್ಟಿಗಳ ಸಭೆ. ಅದೂ ಒಪ್ಪಂದಕ್ಕೆ ಸಹಿ ಬೀಳುವ ಮೊದಲು. ಲೈಸೆನ್ಸ್ ಯಾರ ಹೆಸರಲ್ಲಿದೆ, ಮಾರುವ ಅಧಿಕಾರ ಯಾರಿಗಿದೆ, ವಿದ್ಯಾರ್ಥಿ ಶುಲ್ಕದಿಂದ ಸ್ಟೇಷನ್‌ಗೆ ಎಷ್ಟು ಹಣ ಬಂದಿದೆ, ಇವೆಲ್ಲ ಶಾಂತಿಯ ಕಾಲದಲ್ಲೇ ಕೇಳಿಟ್ಟುಕೊಳ್ಳಬೇಕಾದ ವಿಷಯ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಮಾಹಿತಿ ಹಕ್ಕಿನಂಥ ರಾಜ್ಯ ಕಾನೂನುಗಳಿವೆ. ಖಾಸಗಿಯಾದರೆ ಹಳೆ ವಿದ್ಯಾರ್ಥಿಗಳ ಮಾತಿಗೆ ತೂಕ ಇದೆ, ದೇಣಿಗೆ ಬರುವುದು ಅವರಿಂದಲೇ. ಲೈಸೆನ್ಸ್ ಬೇರೆ ಸಂಸ್ಥೆಯ ಹೆಸರಲ್ಲಿದ್ದರೆ ಒಂದು ವ್ಯತ್ಯಾಸ ಆಗುತ್ತದೆ. ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಡಬ್ಲ್ಯುಬಿಆರ್‌ಯು ಒಂದು ಪ್ರತ್ಯೇಕ ಸಂಸ್ಥೆಯ ಸ್ವತ್ತಾಗಿತ್ತು. 2017ರಲ್ಲಿ ಅದೂ 56.3 ಲಕ್ಷ ಡಾಲರ್‌ಗೆ ಮಾರಾಟವಾಯಿತು, ಹಳಬರಿಗೆ ದುಃಖವಾಯಿತು. ಆದರೆ ಹಣ ಹೋದದ್ದು ಆ ಸಂಸ್ಥೆಗೇ, ವಿಶ್ವವಿದ್ಯಾಲಯದ ಖಜಾನೆಗಲ್ಲ.

ನಮ್ಮಲ್ಲಿ ಹೀಗೆ ಮಾರಲು ಬರುವುದಿಲ್ಲ. ಸಮುದಾಯ ಬಾನುಲಿಯ ಅನುಮತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಬಾನತರಂಗಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಿಂದ ಶುರುವಾದ ಕ್ಯಾಂಪಸ್ ರೇಡಿಯೊ ಬೆಂಗಳೂರಿಗೂ ಬಂದಿದೆ. ಅದಕ್ಕೂ ಬಹಳ ಮೊದಲು, 1935ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂತು. ಅದೂ ಕೈ ಬದಲಾಯಿಸಿತು. ಮೇಷ್ಟ್ರ ಮನೆಯಿಂದ ಸಂಸ್ಥಾನಕ್ಕೆ, ಸಂಸ್ಥಾನದಿಂದ ಕೇಂದ್ರಕ್ಕೆ. ಆದರೆ ಪ್ರತಿ ಸಲವೂ ಅದು ಕನ್ನಡ ನಾಡಿನ ರೇಡಿಯೊ ಆಗಿಯೇ ಉಳಿಯಿತು. ಕೈ ಬದಲಾಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೈ ಬದಲಾದ ಮೇಲೆ ಯಾರ ಮಾತು ಅಲ್ಲಿ ಕೇಳಿಸುತ್ತದೆ ಎಂಬುದು ನನ್ನ ಪ್ರಶ್ನೆ.

ಕೆಟಿಆರ್‌ಯು ಸಾಯಲಿಲ್ಲ. ಕೆಲವು ವರ್ಷ ಇಂಟರ್ನೆಟ್‌ನಲ್ಲಿ ಮತ್ತು ಬೇರೊಂದು ಸ್ಟೇಷನ್‌ನ ಡಿಜಿಟಲ್ ಉಪವಾಹಿನಿಯಲ್ಲಿ ಬದುಕಿತು. ಅದನ್ನು ಕೇಳಲು ಬೇರೆಯೇ ರೇಡಿಯೊ ಸೆಟ್ ಬೇಕಿತ್ತು. 2011ರಲ್ಲಿ ಬಂದ ಕಾನೂನೊಂದು ನಗರಗಳಲ್ಲಿ ಕಡಿಮೆ ಶಕ್ತಿಯ ಎಫ್‌ಎಂಗೆ ದಾರಿ ತೆರೆಯಿತು. 2013ರಲ್ಲಿ ಅರ್ಜಿ ಕರೆದರು. 2015ರ ಅಕ್ಟೋಬರ್‌ನಲ್ಲಿ ರೈಸ್ ವಿದ್ಯಾರ್ಥಿಗಳು ಮತ್ತೆ ಎಫ್‌ಎಂಗೆ ಬಂದರು, ಈ ಸಲ 96.1ರಲ್ಲಿ. ಇಂಥ ಸ್ಟೇಷನ್‌ಗೆ ಇರುವ ಮಿತಿ 100 ವಾಟ್. ಸುತ್ತ ಐದಾರು ಕಿಲೋಮೀಟರ್‌ವರೆಗೆ ಚೆನ್ನಾಗಿ ಕೇಳಿಸುತ್ತದೆ. ಅಲ್ಲಿಂದಾಚೆ, ಮೊದಲು 50,000 ವಾಟ್‌ನಲ್ಲಿ ಅವರ ಹಾಡು ಕೇಳುತ್ತಿದ್ದ ಬಡಾವಣೆಗಳಲ್ಲಿ, ಸ್ವರ ಕ್ಷೀಣವಾಗುತ್ತಾ ಹೋಗಿ ಗೊರಗೊರ ಸದ್ದು ಉಳಿಯುತ್ತದೆ.